ಓದಲು ಬಾರದ ಮಗು ಸೋಮಾರಿಯೇ? ವಿಶೇಷ ಶಿಕ್ಷಣದ ಬಗ್ಗೆ ತಿಳಿಯಬೇಕಾದ ಸಂಗತಿಗಳು

ನಾಲ್ಕನೇ ತರಗತಿಯ ಹುಡುಗ. ಕೇಳಿದ ಕತೆಯನ್ನು ಚಾಚೂ ತಪ್ಪದೆ ಹೇಳುತ್ತಾನೆ. ಅದನ್ನೇ ಬರೆಯಲು ಹೇಳಿದರೆ ಒತ್ತಕ್ಷರ ಬಿಟ್ಟುಹೋಗುತ್ತದೆ, ‘ಬ’ ‘ಭ’ ಅದಲುಬದಲಾಗುತ್ತವೆ. ಮನೆಯಲ್ಲೂ ಶಾಲೆಯಲ್ಲೂ ಸಿಗುವ ಹೆಸರು ಒಂದೇ: ಸೋಮಾರಿ. ಇದು ಸೋಮಾರಿತನವಲ್ಲದೆ ಕಲಿಕಾ ನ್ಯೂನತೆಯೂ ಆಗಿರಬಹುದು.

ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಅಕ್ಷರ ಮತ್ತು ಧ್ವನಿಯನ್ನು ಮಿದುಳು ಜೋಡಿಸುವ ರೀತಿಯಲ್ಲಿ ವ್ಯತ್ಯಾಸವಿರುತ್ತದೆ. ಗದರಿಸಿದರೆ ಅದು ಸರಿಹೋಗುವುದಿಲ್ಲ, ಕಲಿಸುವ ವಿಧಾನ ಬದಲಾಗಬೇಕು.

ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಸಾಮಾನ್ಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಕುಟುಂಬದ್ದು. ‘ಇಂಥ ಮಕ್ಕಳಿಗೆ ವಿಶೇಷ ಶಾಲೆಯೇ ಗತಿ’ ಎಂಬ ಮಾತು ತಪ್ಪು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇವರಿಗೆ ಶೇ. 5ರಷ್ಟು ಸೀಟು ಮೀಸಲು.

ಶಿಕ್ಷಕರು ಎಲ್ಲಿ?

ಹಕ್ಕು ಕಾಗದದಲ್ಲಿದ್ದರೆ ಸಾಲದು, ಕಲಿಸುವವರು ಬೇಕು. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಆದರೂ ಹಲವು ರಾಜ್ಯಗಳು ಅಗತ್ಯ ಹುದ್ದೆಗಳನ್ನು ಮಂಜೂರು ಮಾಡಿರಲಿಲ್ಲ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಈ ಹುದ್ದೆಗಳನ್ನು ಗುರುತಿಸಿ ಅಧಿಸೂಚನೆ ಹೊರಡಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಹಾಗಾಗಿ ಇದು ಉದ್ಯೋಗದ ದಾರಿಯೂ ಹೌದು. ಭಾರತೀಯ ಪುನರ್ವಸತಿ ಮಂಡಳಿ (ಆರ್‌ಸಿಐ) ಮಾನ್ಯ ಮಾಡಿದ ಕೋರ್ಸ್ ಮುಗಿಸಿ, ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷವುಳ್ಳ ಮಕ್ಕಳಿಗೆ ಕಲಿಸುವ ವಿಶೇಷ ಬಿ.ಇಡಿ. ಇದೆ. ಸೇರುವ ಮುನ್ನ ಕಾಲೇಜಿಗೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪೋಷಕರು ಏನು ಮಾಡಬಹುದು?

ಮೊದಲು ಮಗುವಿನ ದೃಷ್ಟಿ ಮತ್ತು ಶ್ರವಣ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಶಾಲೆಯಲ್ಲೇ ಆರಂಭಿಕ ತಪಾಸಣೆ ನಡೆಸಲು ಎನ್‌ಸಿಇಆರ್‌ಟಿ ರೂಪಿಸಿದ ‘ಪ್ರಶಸ್ತ್’ ಆ್ಯಪ್ ಇದೆ, ಶಿಕ್ಷಕರನ್ನು ಕೇಳಿ. ಆದರೆ ಆ್ಯಪ್ ಕೊಡುವುದು ಸುಳಿವು ಮಾತ್ರ, ರೋಗನಿರ್ಣಯವಲ್ಲ. ಅದನ್ನು ತಜ್ಞರೇ ಮಾಡಬೇಕು. ವೈಕಲ್ಯ ದೃಢಪಟ್ಟರೆ ಯುಡಿಐಡಿ ಕಾರ್ಡ್‌ಗೆ ‘ಸ್ವಾವಲಂಬನ್’ ಜಾಲತಾಣದಲ್ಲಿ ಅರ್ಜಿ ಹಾಕಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಿದ್ದರೆ ಪ್ರಮಾಣಪತ್ರ ನೆರವಿಗೆ ಬರುತ್ತದೆ.

‘ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತದೆ’ ಎಂದು ಕಾಯುತ್ತಾ ಕೂರಬೇಡಿ. ಕಾದಷ್ಟೂ ಪಾಠದ ಅಂತರ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ತಾನು ದಡ್ಡ ಎಂದು ಆ ಹುಡುಗನೇ ನಂಬಲು ಶುರುಮಾಡುತ್ತಾನೆ.