ಪವನಾಶನನ ಊಟ

ನೇರಳೆ ಮಾರ್ಗದ ಮೆಟ್ರೋ ಗಾಡಿಯು ಕೃಷ್ಣರಾಜಪುರವನ್ನು ಬಿಟ್ಟು, ಸಿಂಗಯ್ಯನಪಾಳ್ಯವನ್ನು ದಾಟಿ, ಮನೆಗಳ ತಾರಸಿಗಳ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸಾಗುತ್ತಿರುವಾಗ, ಮುಂದಿನ ನಿಲ್ದಾಣ ಗರುಡಾಚಾರ್‌ಪಾಳ್ಯವೆಂದು ಒಳಗಿನ ಯಂತ್ರಧ್ವನಿಯು ಸಾರುವುದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಪ್ರಯಾಣವನ್ನು ಮರೆತು ಪುರಾಣದ ಕಡೆಗೆ ಹೊರಳುವುದುಂಟು. ಪಾಳ್ಯಕ್ಕೆ ಹೆಸರು ಬಂದದ್ದು ಗರುಡಾಚಾರ್ ಎಂಬ ಮನುಷ್ಯನಿಂದಲೇ ಹೊರತು ವಿನತೆಯ ಮಗನಿಂದ ನೇರವಾಗಿ ಅಲ್ಲವೆಂಬುದು ಹೆಸರಿನ ರೂಪದಲ್ಲಿಯೇ ವಿಶದವಾಗಿದೆ. ಆದರೂ ಕದ್ರುವಿನ ಮಕ್ಕಳನ್ನು ಆಹಾರವಾಗಿ ಪಡೆದ ಪಕ್ಷಿರಾಜನ ಹೆಸರನ್ನು ಹೊತ್ತ ಊರಿನಲ್ಲಿ, ಹಾವನ್ನು ತಿನ್ನುವವನ ಕಥೆಯನ್ನು ಎಲ್ಲರೂ ಬಲ್ಲವರಾಗಿದ್ದು, ಹಾವು ತಾನು ಏನನ್ನು ತಿಂದು ಬದುಕುತ್ತದೆಂದು ಕೇಳುವವರು ವಿರಳರಾಗಿರುವುದು ನನಗೆ ಸ್ವಲ್ಪ ಅನ್ಯಾಯವಾಗಿಯೇ ತೋರುತ್ತದೆ.

ಕೇಳದೆ ಇದ್ದುದಕ್ಕೆ ಕಾರಣವೂ ಇಲ್ಲದಿಲ್ಲ. ಹಿಂದಿನವರ ಪಾಲಿಗೆ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇತ್ತು. ಅಮರಸಿಂಹನು ತನ್ನ ಕೋಶದ ಪಾತಾಳಭೋಗಿವರ್ಗದಲ್ಲಿ ಸರ್ಪದ ಹೆಸರುಗಳನ್ನು ಪೋಣಿಸುತ್ತ, ಬಿಲದಲ್ಲಿ ಮಲಗುವುದರಿಂದ ಬಿಲೇಶಯ, ಕಾಲು ಕಾಣದಿರುವುದರಿಂದ ಗೂಢಪಾದ, ಹೊರಕಿವಿಯಿಲ್ಲದೆ ಕಣ್ಣಿನಿಂದಲೇ ಕೇಳುವಂತೆ ತೋರುವುದರಿಂದ ಚಕ್ಷುಶ್ರವಸ್ ಎಂದು ಒಂದೊಂದಾಗಿ ಹೇಳಿಕೊಂಡು ಬಂದು, ಕೊನೆಗೆ ಪವನಾಶನ ಎನ್ನುತ್ತಾನೆ. ಗಾಳಿಯನ್ನು ಉಣ್ಣುವವನು ಎಂದರ್ಥ. ಈ ಹೆಸರನ್ನು ಕವಿಸಮಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆಯೂ ಒಂದು ಪ್ರತ್ಯಕ್ಷಾನುಭವ ಇದ್ದಿರಬೇಕು. ನಮ್ಮ ದೇಹವನ್ನು ಬೆಚ್ಚಗಿಡುವುದಕ್ಕಾಗಿಯೇ ನಾವು ಉಂಡ ಅನ್ನದ ಬಹುಪಾಲು ವ್ಯಯವಾಗುತ್ತದೆ. ಬಿಸಿಲಿನಿಂದ ಮೈಕಾಯಿಸಿಕೊಳ್ಳುವ ಹಾವಿಗೆ ಆ ಖರ್ಚು ಇಲ್ಲವಾದ್ದರಿಂದ, ವಾರಕ್ಕೊಮ್ಮೆಯೋ ಪಕ್ಷಕ್ಕೊಮ್ಮೆಯೋ ದೊರೆತ ಒಂದು ಊಟದಲ್ಲಿ ಅದು ನೆಮ್ಮದಿಯಿಂದ ಇರಬಲ್ಲದು. ಹಾವಾಡಿಗನ ಬುಟ್ಟಿಯಲ್ಲಿ ವಾರಗಟ್ಟಲೆ ಉಪವಾಸವಿದ್ದೂ ಹೆಡೆಯೆತ್ತುವ ಪ್ರಾಣಿಯನ್ನು ನೋಡಿದವನು, ಇದು ಗಾಳಿಯನ್ನಲ್ಲದೆ ಮತ್ತೇನನ್ನು ಕುಡಿಯುತ್ತಿದೆ ಎಂದುಕೊಂಡರೆ ಅವನನ್ನು ಹಳಿಯಲಾಗದು.

ಗಾಳಿಯಿಂದ ತೃಪ್ತರಾಗದ ನಮ್ಮ ಗೃಹಿಣಿಯರು ಹಾಲನ್ನು ಸೇರಿಸಿದರು. ಅರಳಿಬೇವುಗಳ ಕಟ್ಟೆಯ ಮೇಲಿನ ನಾಗರಕಲ್ಲಿಗೂ ಹೊಲದ ಬದುವಿನ ಹುತ್ತಕ್ಕೂ ಪಂಚಮಿಯ ದಿನ ಎರೆದ ಹಾಲು, ಹಾವಿನ ಪಚನಕ್ಕೆ ಒಗ್ಗುವ ಪದಾರ್ಥವಲ್ಲ. ಬಾಯಾರಿದ ಹಾವು ಅದನ್ನು ನೀರೆಂದು ಕುಡಿದೀತೇ ಹೊರತು ಅನ್ನವೆಂದು ಉಣ್ಣದು. ಹಾಗೆಂದು ಆ ಪೂಜೆಯನ್ನು ನಾನು ಗೇಲಿಮಾಡಲಾರೆ. ಅಟ್ಟಿ ಹೊಡೆಯುವ ಪ್ರಾಣಿಯನ್ನು ವರ್ಷಕ್ಕೊಂದು ದಿನವಾದರೂ ಅತಿಥಿಯೆಂದು ಭಾವಿಸಿದ ಮನಸ್ಸು ಅದು.

ವಿದ್ವಾಂಸರಾದರೋ ಊಟದ ವಿಷಯವನ್ನು ಬಿಟ್ಟು ವಿಷದ ಬೆನ್ನು ಹತ್ತಿದರು. ಸುಶ್ರುತನು ಹೆಡೆಯುಳ್ಳ ದರ್ವೀಕರ, ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ಮೊದಲುಮಾಡಿ ಎಂಬತ್ತು ಬಗೆಯ ಹಾವುಗಳನ್ನು ವಿಂಗಡಿಸಿದನು. ನಮ್ಮ ಕನ್ನಡದಲ್ಲಿ 14ನೆಯ ಶತಮಾನದ ಜೈನಕವಿ ಮಂಗರಾಜನು ವಿಷವೈದ್ಯವನ್ನು ಕುರಿತು ರಚಿಸಿದ ಗ್ರಂಥಕ್ಕೆ ‘ಖಗೇಂದ್ರಮಣಿದರ್ಪಣ’ವೆಂದು ಹೆಸರಿಟ್ಟನು. ಖಗೇಂದ್ರನೆಂದರೆ ಗರುಡನೇ, ನಮ್ಮ ಪಾಳ್ಯದ ಹೆಸರಿಗೂ ಆ ಗ್ರಂಥದ ಹೆಸರಿಗೂ ಹೀಗೊಂದು ದೂರದ ನಂಟು. ಕಚ್ಚುವ ಬಾಯಿಯನ್ನು ಅಷ್ಟು ಸೂಕ್ಷ್ಮವಾಗಿ ನೋಡಿದ ಶಾಸ್ತ್ರವು ಉಣ್ಣುವ ಬಾಯಿಯ ಕಡೆಗೆ ಅಷ್ಟಾಗಿ ತಿರುಗಲಿಲ್ಲ.

ಕಂಪೆನಿಯ ಕಾಲದಲ್ಲಿ ಬಂದ ಪರದೇಶದ ವೈದ್ಯರೂ ಮೊದಮೊದಲು ಇದೇ ದಾರಿಯನ್ನೇ ತುಳಿದರು. ಪ್ಯಾಟ್ರಿಕ್ ರಸೆಲ್ ಎಂಬಾತನು ಕೋರಮಂಡಲ ತೀರದ ಹಾವುಗಳನ್ನು ಕುರಿತು 1796ರಲ್ಲಿ ಪ್ರಕಟಿಸಿದ ಭಾರಿ ಗ್ರಂಥದಲ್ಲಿ ಚಿತ್ರಗಳುಂಟು, ತೆಲುಗಿನ ದೇಶೀಯ ನಾಮಗಳುಂಟು, ಕೋಳಿಗಳಿಗೂ ನಾಯಿಗಳಿಗೂ ಹಾವಿನಿಂದ ಕಚ್ಚಿಸಿ ಅವು ಎಷ್ಟು ಹೊತ್ತಿಗೆ ಸತ್ತವೆಂಬ ಲೆಕ್ಕವುಂಟು. ಮುಂದೆ ಸರ್ಕಾರವು ಸತ್ತ ಹಾವಿಗೆ ಇನಾಮು ಕೊಡುವ ಪದ್ಧತಿಯನ್ನು ತಂದಾಗಲೂ ಎಣಿಸಿದ್ದು ತಲೆಗಳನ್ನೇ. ಹಾವಿನ ಹೊಟ್ಟೆಯನ್ನು ಬಿಚ್ಚಿ, ಒಳಗಿದ್ದುದನ್ನು ತಾಳ್ಮೆಯಿಂದ ಬರೆದಿಡುವ ಅಭ್ಯಾಸಕ್ಕೆ ನಮ್ಮ ದೇಶದಲ್ಲಿ ಗೌರವ ತಂದವನು ಸಿಂಹಳದಲ್ಲಿ ಹುಟ್ಟಿದ ಸೈನ್ಯವೈದ್ಯ ಫ್ರ್ಯಾಂಕ್ ವಾಲ್. 1883ರಲ್ಲಿ ಸ್ಥಾಪಿತವಾದ ಬೊಂಬಾಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ 1905ರಿಂದ ಮುಂದಕ್ಕೆ ಆತನು ಸಾಮಾನ್ಯ ಹಾವುಗಳನ್ನು ಕುರಿತು ಬರೆದ ಲೇಖನಮಾಲೆಯಲ್ಲಿ, ಯಾವ ಹಾವಿನ ಉದರದಲ್ಲಿ ಇಲಿ, ಯಾವುದರಲ್ಲಿ ಕಪ್ಪೆ, ಯಾವುದರಲ್ಲಿ ಹಲ್ಲಿ ಎಂಬುದು ಮನೆಯ ಜಮಾಖರ್ಚಿನಷ್ಟು ಶ್ರದ್ಧೆಯಿಂದ ದಾಖಲಾಗಿದೆ. ಸಹಸ್ರ ವರ್ಷಗಳ ಪವನಾಶನನು ಆ ಪುಟಗಳಲ್ಲಿ ಮಾಂಸಾಹಾರಿಯಾದನು.

ಬೆಂಗಳೂರಿನ ಪೂರ್ವದಿಕ್ಕಿನ ಹಳ್ಳಿಗಳ ಹೊಲಗಳಲ್ಲಿ ದನ ಕಾಯುತ್ತಿದ್ದವರಿಗಾದರೂ ಇದು ಹೊಸ ಸಂಗತಿಯಾಗಿರಲಾರದು. ಕೆರೆಯ ಕೆಳಗೆ ಗದ್ದೆ, ಮೇಲಿನ ಬೆದ್ದಲಿನಲ್ಲಿ ರಾಗಿ, ಹುರುಳಿ, ಅವರೆ. ಹೊಲಕ್ಕೂ ಹೊಲಕ್ಕೂ ನಡುವೆ ನೆಟ್ಟ ಕಲ್ಲುಚಪ್ಪಡಿ, ಅದರ ಒತ್ತಿನಲ್ಲಿ ಕಳ್ಳಿ, ಕತ್ತಾಳೆ, ಲಂಟಾನದ ಪೊದೆ. ಆ ಚಪ್ಪಡಿಯ ತುದಿಯಲ್ಲಿ ಬಿಸಿಲಿಗೆ ಮುಖವೆತ್ತಿ, ಕೊರಳನ್ನು ಕೆಂಪೇರಿಸಿಕೊಂಡು ತಲೆಯಾಡಿಸುವ ಓತಿಕ್ಯಾತ. ಅದಕ್ಕೆ ಬೇಲಿಗೂಟವೇ ಸಾಕ್ಷಿಯೆಂದು ಗಾದೆ ಮಾಡಿ ನಕ್ಕ ಜನ, ಕಲ್ಲೆಸೆಯುವ ಹುಡುಗರು. ಓತಿಯ ವೈರಿ ಹುಡುಗರೊಬ್ಬರೇ ಅಲ್ಲ. ಕಳ್ಳಿಯ ಮೇಲೆ ಇಳಿಬಿದ್ದ ಬಳ್ಳಿಯೊಂದು ಗಾಳಿಯಿಲ್ಲದೆಯೂ ಮೆಲ್ಲನೆ ತೂಗುತ್ತಿದ್ದರೆ ಅದು ಬಳ್ಳಿಯಲ್ಲ, ಹಸಿರುಹಾವು. ಸೀಸದಕಡ್ಡಿಯ ಮೊನೆಯಂತೆ ಚೂಪಾದ ಅದರ ಮೂತಿಯ ಇಕ್ಕೆಲಗಳಲ್ಲಿ ಕಣ್ಣಿನಿಂದ ಮುಂದಕ್ಕೆ ಒಂದು ಕಾಲುವೆಯಿದ್ದು, ಅಡ್ಡಗೆರೆಯಂತಹ ಪಾಪೆಯುಳ್ಳ ಎರಡು ಕಣ್ಣುಗಳೂ ಆ ಕಾಲುವೆಯ ಮೂಲಕ ಒಂದೇ ಗುರಿಯನ್ನು ನೋಡಿ ದೂರವನ್ನು ಅಳೆಯಬಲ್ಲವು. ಹಾವುಗಳ ಕುಲದಲ್ಲಿ ಇದು ಅಪೂರ್ವವಾದ ಸೌಲಭ್ಯ. ಓತಿಯ ಕುತ್ತಿಗೆಯನ್ನು ಕಚ್ಚಿ ಹಿಡಿದ ಮೇಲೆ ಅದನ್ನು ಕೊಂಬೆಯಿಂದ ಎತ್ತಿ, ಕಾಲಿಗೆ ಆಸರೆ ಸಿಗದಂತೆ ಅಂತರದಲ್ಲಿ ತೂಗಾಡಿಸಿಕೊಂಡು, ಬಾಯಿಯ ಹಿಂಭಾಗದ ಹಲ್ಲುಗಳಿಂದ ಇಳಿಯುವ ಸೌಮ್ಯವಿಷವು ಅದರ ಒದ್ದಾಟವನ್ನು ಅಡಗಿಸುವವರೆಗೆ ಕಾಯುತ್ತದೆ. ಆಮೇಲೆ ತಲೆಯ ಕಡೆಯಿಂದ ನುಂಗುತ್ತದೆ, ಏಕೆಂದರೆ ಬಾಲದ ಕಡೆಯಿಂದ ಹೊರಟರೆ ಓತಿಯ ಬೆನ್ನಿನ ಮುಳ್ಳುಗಳು ಗಂಟಲಿಗೆ ಅಡ್ಡವಾಗುತ್ತವೆ. ಇಂತಹ ಏಕಾಗ್ರ ಬೇಟೆಗಾರನನ್ನು ಮನುಷ್ಯರ ಕಣ್ಣು ಕುಕ್ಕುವ ಹಾವೆಂದು ನಮ್ಮವರು ಹೆದರಿದರು. ಸಿಂಹಳೀಯರೂ ಹಾಗೆಯೇ ಹೆದರಿ ಇಟ್ಟ ಹೆಸರನ್ನೇ ಶಾಸ್ತ್ರಜ್ಞರು ಅದರ ಕುಲನಾಮವಾಗಿ ಉಳಿಸಿಕೊಂಡಿದ್ದಾರೆ.

ಹೆಸರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ನುಣುಪಾದ ಹುರುಪೆಗಳಿಂದ ಹೊಳೆಯುತ್ತ, ತರಗೆಲೆಗಳ ನಡುವೆ ಸರಸರನೆ ಹರಿದು ಮಾಯವಾಗುವ ಜಂತುವಿಗೆ ನಮ್ಮಲ್ಲಿ ಹಾವುರಾಣಿಯೆಂದು ಹೆಸರು. ಕಾಲುಗಳಿರುವ ಈ ಪ್ರಾಣಿಯ ನಡಿಗೆಯಲ್ಲಿ ಹಾವಿನ ಹೋಲಿಕೆಯನ್ನು ಕಂಡ ಜನ, ಅದಕ್ಕೆ ಇಲ್ಲದ ವಿಷವನ್ನು ಆರೋಪಿಸಿ, ಸರ್ಪಕುಲದ ಪಟ್ಟವನ್ನೂ ಕಟ್ಟಿದರು. ಪಟ್ಟದ ರಾಣಿಯೇ ಪ್ರಜೆಗಳ ನಿತ್ಯದ ಊಟವೆಂಬುದು ಪಟ್ಟ ಕಟ್ಟಿದವರಿಗೆ ತಿಳಿದಿತ್ತೋ ಇಲ್ಲವೋ!

ಇದುವರೆಗೆ ಹೇಳಿದ್ದು ಹಗಲಿನ ವ್ಯವಹಾರ. ಇರುಳಿನ ವ್ಯವಹಾರಕ್ಕೆ ಬೆಳಕಿನ ಚರಿತ್ರೆಯನ್ನು ಸ್ವಲ್ಪ ಕೆದಕಬೇಕಾಗುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರ ಆಗಸ್ಟಿನಲ್ಲಿ ಬೆಂಗಳೂರು ಪೇಟೆಯ ಬೀದಿದೀಪಗಳಿಗೂ ಹರಿದು ಬಂದಿತು. ಅದಕ್ಕೆ ಬಹಳ ಮೊದಲೇ, 1864ರಲ್ಲಿ, ದಂಡಿನಿಂದ ಜೋಲಾರಪೇಟೆಗೆ ಹೋಗುವ ರೈಲುದಾರಿ ಈ ಸೀಮೆಯನ್ನು ಸೀಳಿಕೊಂಡು ಹೋಗಿತ್ತು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ವೈಟ್‌ಫೀಲ್ಡ್ ಎಂಬ ಆಂಗ್ಲೋ-ಇಂಡಿಯನ್ ವಸಾಹತು ತಲೆಯೆತ್ತಿತ್ತು. ಆದರೆ ಗಾಡಿಯೂ ದೊರೆಗಳೂ ಹಾದುಹೋದ ಹಳ್ಳಿಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ಬಹುಕಾಲ ಆಳಿತು. ಬುಡ್ಡಿಯ ಮಂದ ಬೆಳಕಿಗೆ ಎಷ್ಟು ಹುಳು ಬಂದೀತು, ಆ ಹುಳುವಿಗೆ ಎಷ್ಟು ಹಲ್ಲಿ ಸೇರೀತು! ಗೋಡೆಗೆ ವಿದ್ಯುದ್ದೀಪ ಬಂದ ಮೇಲೆ ದೀಪದ ಸುತ್ತ ಪತಂಗ, ಪತಂಗದ ಸುತ್ತ ಹಲ್ಲಿ ಎಂಬ ಹೊಸ ಸಂತರ್ಪಣೆಯೊಂದು ಪ್ರತಿ ಸಂಜೆಯೂ ನಡೆಯತೊಡಗಿತು. ಪಂಚಾಂಗ ತೆರೆದು ಹಲ್ಲಿ ಬಿದ್ದ ಫಲವನ್ನೂ, ಅದು ಲೊಚಗುಟ್ಟಿದ ದಿಕ್ಕನ್ನೂ ನೋಡುವ ಮನೆಯೊಡೆಯನಿಗೆ, ಅದೇ ಲೊಚಗುಟ್ಟುವಿಕೆಯ ಹತ್ತಿರದ ಬಿರುಕಿನಿಂದ ಇನ್ನೊಬ್ಬನು ಇಣುಕುತ್ತಿರುವನೆಂಬುದು ಗೊತ್ತಾಗುವುದಿಲ್ಲ.

ಈ ಇನ್ನೊಬ್ಬನೇ ತೋಳಹಾವು. 1758ರಲ್ಲಿ ಲಿನೇಯಸ್ ಅದಕ್ಕೆ ಕೊಟ್ಟ ‘ಆಲಿಕಸ್’ ಎಂಬ ಲ್ಯಾಟಿನ್ ಹೆಸರಿಗೆ ಅರಮನೆಯ ಅಂಗಳಕ್ಕೆ ಸೇರಿದವನು ಎಂದರ್ಥ. ಅರಮನೆಯ ಮಾತು ಹೇಗೇ ಇರಲಿ, ಮನುಷ್ಯನ ಮನೆಯನ್ನು ಇಷ್ಟು ಸಹಜವಾಗಿ ತನ್ನದೆಂದುಕೊಂಡ ಹಾವು ಮತ್ತೊಂದಿಲ್ಲ. ಹಗಲೆಲ್ಲ ಬಾಗಿಲ ಚೌಕಟ್ಟಿನ ಸಂದಿನಲ್ಲಿಯೋ, ಹೆಂಚಿನ ಕೆಳಗೋ, ಪೇರಿಸಿಟ್ಟ ಇಟ್ಟಿಗೆಯ ನಡುವೆಯೋ ಸುರುಳಿಯಾಗಿದ್ದು, ಕತ್ತಲಾದ ಮೇಲೆ ಒರಟುಗೋಡೆಯನ್ನು ಅನಾಯಾಸವಾಗಿ ಏರುತ್ತದೆ. ತೋಳವೆಂಬ ಹೆಸರು ಹಲ್ಲಿನಿಂದ ಬಂದದ್ದು. ವಿಷದ ಹಲ್ಲಲ್ಲ ಅದು; ಮೇಲ್ದವಡೆಯ ಮುಂಭಾಗದಲ್ಲಿ ಉದ್ದವಾಗಿ ಬೆಳೆದ ಹಿಡಿಯುವ ಹಲ್ಲು. ಅದರ ಹಿಂದೆ ಒಂದು ಬರಿದಾದ ಜಾಗ, ಆಮೇಲೆ ಮತ್ತೆ ಸಾಲುಹಲ್ಲು. ಕೈಯಲ್ಲಿ ಹಿಡಿದರೆ ಎಣ್ಣೆ ಸವರಿದ ಗಾಜಿನಂತೆ ಜಾರುವ ಹಾವುರಾಣಿಯ ಗಟ್ಟಿ ಹುರುಪೆಯ ಮೈಯನ್ನು, ಇಕ್ಕಳದ ನಡುವೆ ಸಿಕ್ಕಿದಂತೆ ಆ ಖಾಲಿ ಜಾಗದಲ್ಲಿ ಕೂರಿಸಿಕೊಂಡು ಅಲುಗದಂತೆ ಮಾಡುವುದಕ್ಕೆ ಪ್ರಕೃತಿಯು ಒದಗಿಸಿದ ಸಾಧನವಿದು. ಹಲ್ಲಿಯನ್ನು ಹಿಡಿಯಲು ಇಷ್ಟು ಬಲ ಬೇಕಿಲ್ಲ; ಅದರ ಮೈ ಮೃದು. ಆದರೆ ಹಲ್ಲಿಯ ಬಳಿ ಬೇರೊಂದು ಉಪಾಯವುಂಟು: ಬಾಲದ ಎಲುಬಿನಲ್ಲಿ ಮೊದಲೇ ಸಿದ್ಧವಾಗಿರುವ ಸೀಳಿನಲ್ಲಿ ಅದನ್ನು ತಾನೇ ಮುರಿದು ಬಿಟ್ಟು, ನೆಲದ ಮೇಲೆ ಕುಣಿಯುವ ಬಾಲವನ್ನು ಶತ್ರುವಿನ ಬಾಯಿಗೆ ಒಪ್ಪಿಸಿ, ತಲೆಯನ್ನು ಉಳಿಸಿಕೊಳ್ಳುತ್ತದೆ.

ತನ್ನ ಪ್ರಾಣವನ್ನು ಹಾಗೆ ಉಳಿಸಿಕೊಳ್ಳುವ ಉಪಾಯ ತೋಳಹಾವಿಗಿಲ್ಲ. ಅದರ ಮೈಮೇಲಿನ ಬಿಳಿಪಟ್ಟೆಗಳೇ ಅದಕ್ಕೆ ಮೃತ್ಯು. ಕಟ್ಟುಹಾವಿನ ಮಾರಕವಿಷವನ್ನು ಬಲ್ಲ ಜನ ಪಟ್ಟೆಯನ್ನು ಕಂಡೊಡನೆ ದೊಣ್ಣೆಯನ್ನು ಎತ್ತುತ್ತಾರೆ. ನಿಂತು ನೋಡುವ ವ್ಯವಧಾನವುಳ್ಳವನಿಗೆ ಭೇದ ಕಷ್ಟವಲ್ಲ: ತೋಳಹಾವಿನ ಪಟ್ಟೆ ಕುತ್ತಿಗೆಯಲ್ಲಿಯೇ ದಟ್ಟವಾಗಿ ಆರಂಭವಾಗಿ ಬಾಲದ ಕಡೆಗೆ ಮಸುಕಾಗುತ್ತದೆ, ಕಟ್ಟುಹಾವಿನದು ಕುತ್ತಿಗೆಯಿಂದ ಸ್ವಲ್ಪ ದೂರ ಬಿಟ್ಟು, ಜೋಡಿಜೋಡಿಯಾಗಿ, ಬಾಲದ ಕಡೆಗೆ ಸ್ಪಷ್ಟವಾಗುತ್ತದೆ, ಬೆನ್ನಿನ ನಡುವೆ ದೊಡ್ಡ ಷಟ್ಕೋಣದ ಹುರುಪೆಗಳ ಸಾಲೂ ಉಂಟು. ಆದರೆ ರಾತ್ರಿಯ ಹೊತ್ತು, ಮಕ್ಕಳು ಮಲಗಿರುವ ಮನೆಯಲ್ಲಿ, ಷಟ್ಕೋಣವನ್ನು ಹುಡುಕುವವನಾರು?

ಹಲ್ಲಿಯ ಜಾತಿಯ ಪ್ರಾಣಿಗಳನ್ನು ಉಣ್ಣುವವು ಹಸಿರುಹಾವು, ತೋಳಹಾವು ಇವೆರಡೇ ಎಂದುಕೊಳ್ಳಬಾರದು. ಮುಂಗಾರಿನ ಆರಂಭದಲ್ಲಿ ಮೊಟ್ಟೆಯೊಡೆದು ಬರುವ ನಾಗರದ ಮರಿಗೆ ಇಲಿಯನ್ನು ನುಂಗುವಷ್ಟು ಬಾಯಗಲವಿಲ್ಲ. ಹಲ್ಲಿಮರಿ, ಸಣ್ಣ ಕಪ್ಪೆ, ಎಳೆಯ ಹಾವುರಾಣಿಯೇ ಅದರ ಅನ್ನಪ್ರಾಶನ. ಕಟ್ಟುಹಾವಿನ ಮರಿಯದೂ ಬಹುಮಟ್ಟಿಗೆ ಇದೇ ಪಾಡು. ಇತ್ತ ಉಡವು ಹಾವಿನ ಮೊಟ್ಟೆಯನ್ನು ಅಗೆದು ತಿಂದು ತನ್ನ ಬಂಧುಗಳ ಲೆಕ್ಕವನ್ನು ತೀರಿಸುತ್ತದೆ. ಲೆಕ್ಕ ಹೀಗೆ ಸರಿದೂಗುವುದು ಒಟ್ಟಿಗೆ ಬೆಳೆದವರ ನಡುವೆ ಮಾತ್ರ. ತೋಳಹಾವಿನ ಸೋದರಜಾತಿಯೊಂದು ಹಡಗಿನ ಸರಕಿನೊಡನೆ 1980ರ ದಶಕದಲ್ಲಿ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪವನ್ನು ಸೇರಿದ ಬಳಿಕ, ಹಾವಿನ ಭಯವನ್ನೇ ಅರಿಯದ ಅಲ್ಲಿನ ಹಲ್ಲಿಗಳೂ ಹಾವುರಾಣಿಗಳೂ ಒಂದೊಂದಾಗಿ ಕಾಣದಾದವು. ಅವುಗಳಲ್ಲಿ ಎರಡು ಬಗೆಯವು ಪಂಜರಗಳಲ್ಲಿ ಸಾಕಲ್ಪಟ್ಟು ಉಳಿದುಕೊಂಡಿವೆ.

ನಮ್ಮ ಪಾಳ್ಯದಲ್ಲಿ ಕಾಣದಾದದ್ದು ಬೇಲಿ. 1998ರ ಹೊತ್ತಿಗೆ ಮಾಹಿತಿ ತಂತ್ರಜ್ಞಾನದ ಉದ್ಯಾನವು ವೈಟ್‌ಫೀಲ್ಡಿನಲ್ಲಿ ತೆರೆದು, 2007ರಲ್ಲಿ ಮಹದೇವಪುರವು ಮಹಾನಗರಕ್ಕೆ ಸೇರಿ, 2023ರ ಮಾರ್ಚಿನಲ್ಲಿ ಮೆಟ್ರೋ ಗಾಡಿಯು ನೆತ್ತಿಯ ಮೇಲೆ ಓಡತೊಡಗಿದ ಈ ಅವಧಿಯಲ್ಲಿ ಕಳ್ಳಿಯೂ ಕಲ್ಲುಚಪ್ಪಡಿಯೂ ಕಿತ್ತುಹೋದುವು. ಅವುಗಳೊಡನೆ ಓತಿಯ ಸಿಂಹಾಸನವೂ ಹಸಿರುಹಾವಿನ ಉಯ್ಯಾಲೆಯೂ ಹೋದುವು. ಇಲಿಯನ್ನು ನೆಚ್ಚಿದ ಕೇರೆಗೆ ಹೊಲವಿಲ್ಲ, ಕಪ್ಪೆಯನ್ನು ನೆಚ್ಚಿದ ನೀರುಹಾವಿಗೆ ಗದ್ದೆಯಿಲ್ಲ. ಗೋಡೆಗಳಾದರೋ ಹೆಚ್ಚಿದುವು, ದೀಪಗಳು ಇನ್ನೂ ಹೆಚ್ಚಿದುವು.

ಕಳೆದ ಮಳೆಗಾಲದ ಒಂದು ರಾತ್ರಿ ಅಲ್ಲಿಯ ವಸತಿಸಮುಚ್ಚಯವೊಂದರಲ್ಲಿ ನೆಂಟರ ಮನೆಯಿಂದ ಕೆಳಗಿಳಿದು ಬರುತ್ತಿದ್ದಾಗ, ಮಾಲೂರಿನ ಕಡೆಯವನಾದ ಕಾವಲುಗಾರನು ಮೀಟರ್ ಪೆಟ್ಟಿಗೆಯ ಮೇಲೆ ಟಾರ್ಚು ಬಿಟ್ಟು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದನು. ಪೆಟ್ಟಿಗೆಯ ಹಿಂದಿನಿಂದ ಗೇಣುದ್ದ ಹೊರಬಂದ ಹಾವಿನ ಬಾಯಿಯಲ್ಲಿ ಹಲ್ಲಿಯ ಹಿಂಗಾಲುಗಳು ಕಾಣುತ್ತಿದ್ದುವು.

“ಕಟ್ಟುಹಾವು ಅಲ್ವಾ ಸಾರ್?” ಎಂದನು.

ನಾನು ಕುತ್ತಿಗೆಯ ಪಟ್ಟೆಯನ್ನು ನೋಡಿದೆ. “ಅಲ್ಲಪ್ಪ. ಇದು ಬರೀ ಹಲ್ಲಿ ತಿನ್ನೋ ಹಾವು.”

“ಹಂಗಾದ್ರೆ ತಿಂದ್ಕೊಂಡ್ ಹೋಗ್ಲಿ ಬಿಡಿ. ಮೇಲ್ಗಡೆ ಮನೆಯೋರ್ಗೆ ಮಾತ್ರ ಹೇಳ್ಬೇಡಿ ಸಾರ್,” ಎಂದು ಕೋಲನ್ನು ಗೋಡೆಗೆ ಒರಗಿಸಿದನು. ಹಲ್ಲಿಯ ಬಾಲವು ಆಗಲೇ ಕಳಚಿ ಬಿದ್ದು, ಅವನ ಬೂಟಿನ ಬಳಿ ಸಿಮೆಂಟಿನ ಮೇಲೆ ಇನ್ನೂ ಹೊರಳುತ್ತಿತ್ತು.