ಕಾಗದದಲ್ಲಿ 98, ಗಾಡಿಯಲ್ಲಿ 132: ಆರ್‌ಎಕ್ಸ್ 100 ಮತ್ತು ಗುಜರಿ ಬ್ಲಾಕಿನ ಚರಿತ್ರೆ

ಪುಣೆಯಲ್ಲಾಗಲಿ ಚೆನ್ನೈನಲ್ಲಾಗಲಿ, ಕೆಎ ನಂಬರಿನ ಯಮಹಾ ಆರ್‌ಎಕ್ಸ್ 100 ಒಂದು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ್ರೆ ನಮ್ಮವರು ಮಾತಾಡಿಸದೆ ಬಿಡೋದಿಲ್ಲ. ಮೊದಲ ಪ್ರಶ್ನೆ "ಯಾವ ಊರು?" ಎರಡನೇದು "ಬ್ಲಾಕ್ ಹಂಡ್ರೆಡ್‌ದಾ, ಒನ್ ಥರ್ಟಿಫೈವ್‌ದಾ?" ಇವತ್ತಿನ ವಿಷಯ ಆ ಎರಡನೇ ಪ್ರಶ್ನೆ.

ಈ 'ನೂರು' ಎಲ್ಲಿಂದ ಬಂತು ಅಂತ ಮೊದಲು ನೋಡೋಣ. 1980ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ 100 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಯೋಗದ ಬಾಗಿಲು ತೆರೆಯಿತು. ಹಾಗಾಗಿಯೇ ಜಪಾನಿನ ನಾಲ್ಕೂ ದೊಡ್ಡ ಕಂಪನಿಗಳು ಹೆಚ್ಚುಕಮ್ಮಿ ಒಂದೇ ಅಳತೆಯ ಇಂಜಿನ್ ಹಿಡ್ಕೊಂಡು ಬಂದವು. ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್ 100, ಆಮೇಲೆ ಹೀರೋ ಹೋಂಡಾ ಸಿಡಿ 100, ಬಜಾಜ್ ಜೊತೆ ಕವಾಸಾಕಿಯ ಕೆಬಿ 100, ಮತ್ತು 1985ರಲ್ಲಿ ಎಸ್ಕಾರ್ಟ್ಸ್ ಜೊತೆ ಯಮಹಾದ ಆರ್‌ಎಕ್ಸ್ 100. ಅಂದ್ರೆ 98 ಸಿಸಿ ಅನ್ನೋದು ಇಂಜಿನಿಯರ್ ಒಬ್ಬನೇ ಕೂತು ತೀರ್ಮಾನಿಸಿದ ಸಂಖ್ಯೆ ಅಲ್ಲ, ದೆಹಲಿಯ ಕಡತದ ನೆರಳೂ ಅದರ ಮೇಲಿತ್ತು. ಅಷ್ಟರೊಳಗೇ ಯಮಹಾದವರು 7500 ಆರ್‌ಪಿಎಂಗೆ 11 ಬಿಎಚ್‌ಪಿ ತೆಗೆದರು. ಗಾಡಿ ತೂಕ ನೂರು ಕೆಜಿ ಆಸುಪಾಸು. ಅದು ಹೇಗೆ ಓಡ್ತಿತ್ತು ಅಂತ ವಿವರಿಸೋ ಅಗತ್ಯ ಈ ಸಭೆಗೆ ಇಲ್ಲ.

ಉದಾರೀಕರಣದ ನಂತರ, 1990ರ ದಶಕದಲ್ಲಿ, ಅದೇ ವಂಶದಲ್ಲಿ ಆರ್‌ಎಕ್ಸ್‌ಜಿ, ಆರ್‌ಎಕ್ಸ್ 135 ಬಂದವು. ಹೆಸರಲ್ಲಿ 135, ಅಳತೆಯಲ್ಲಿ 132 ಸಿಸಿ. ನನ್ನ ಪ್ರಕಾರ ಈ ಕಥೆಯ ಕೀಲಿ ಒಂದು ಚಿಕ್ಕ ಅಂಕಿಯಲ್ಲಿದೆ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಆರ್‌ಎಕ್ಸ್ 135ರ ಬೋರ್ 58 ಮಿ.ಮೀ., ಸ್ಟ್ರೋಕ್ ಮಾತ್ರ ಅದೇ 50. ಪಿಸ್ಟನ್ ದಪ್ಪ ಆಯ್ತು, ಅದು ಮೇಲೆ ಕೆಳಗೆ ಓಡೋ ದೂರ ಬದಲಾಗಲಿಲ್ಲ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ ಇಂಟರ್‌ಫೇಸ್ ಹಾಗೇ ಉಳೀತು, ಒಳಗಿನ ಕೋಡ್ ಬದಲಾಯ್ತು. (ಪೂರ್ತಿ ನಿಜ ಅಲ್ಲ. ಆ ಪೂರ್ತಿ ಅಲ್ಲದ ಭಾಗಕ್ಕೆ ಕೊನೆಗೆ ಬರ್ತೀನಿ.)

ಇದು ಯಾಕೆ ಮುಖ್ಯ ಅಂದ್ರೆ, ಟೂ ಸ್ಟ್ರೋಕ್ ಗಾಡಿಯಲ್ಲಿ ಮೊದಲು ಸವೆಯೋದು ಬ್ಲಾಕು, ಪಿಸ್ಟನ್ನು. ಸವೆದಾಗ ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿ ಕಾಲು ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸೋದು ರೂಢಿ. ಮತ್ತೆ ಸವೆದ್ರೆ ಅರ್ಧ, ಮುಕ್ಕಾಲು, ಕೊನೆಗೆ ಒಂದು. ನಾಲ್ಕು ಸಲ ಬೋರ್ ಮಾಡಿಸಿ 51 ಮಿ.ಮೀ. ತಲುಪಿದರೂ ಲೆಕ್ಕಕ್ಕೆ ಸಿಗೋದು 102 ಸಿಸಿ, ಅಂದ್ರೆ ನಾಲ್ಕೇ ಸಿಸಿ ಲಾಭ. ಅಲ್ಲಿಗೆ ಬ್ಲಾಕ್ ಮುಗೀತು. ಹೊಸ ಸ್ಲೀವ್ ಹಾಕಿಸಬೇಕು, ಇಲ್ಲಾ ಬೇರೆ ಬ್ಲಾಕ್ ಹುಡುಕಬೇಕು. ಹೇಗೂ ಖರ್ಚು ಮಾಡಲೇಬೇಕು ಅನ್ನೋ ಈ ಘಟ್ಟದಲ್ಲೇ ಗುಜರಿಯಲ್ಲಿ ಬಿದ್ದಿದ್ದ 135ರ ಬ್ಲಾಕ್ ಮೇಲೆ ಕಣ್ಣು ಬೀಳ್ತಿದ್ದದ್ದು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಿಸಿ ಒಂದೇ ಏಟಿಗೆ! ಇದನ್ನ ಬರೀ ಶೋಕಿ ಅನ್ನೋರಿಗೆ ನನ್ನ ತಕರಾರಿದೆ. ಇದು ಮೊದಲು ರಿಪೇರಿ, ಆಮೇಲೆ ಶೋಕಿ.

ಫೋರ್ ಸ್ಟ್ರೋಕ್ ಆಗಿದ್ರೆ ಇದು ಇಷ್ಟು ಹರಡ್ತಿರಲಿಲ್ಲ. ಸಿಡಿ 100ರಲ್ಲಿ ಕ್ಯಾಮ್‌ಶಾಫ್ಟ್, ಟೈಮಿಂಗ್ ಚೈನ್, ವಾಲ್ವ್ ಎಲ್ಲಾ ಬಿಚ್ಚಬೇಕು. ಆರ್‌ಎಕ್ಸ್‌ನಲ್ಲಿ ರೀಡ್ ವಾಲ್ವ್ ಒಂದು ಬಿಟ್ರೆ ಮೇಲ್ಗಡೆ ಇರೋದೇ ಹೆಡ್ಡು, ಬ್ಲಾಕು, ಪಿಸ್ಟನ್ನು. ಗಾಳಿ ಒಳಗೆ ಬರೋದು, ಹೊಗೆ ಹೊರಗೆ ಹೋಗೋದು ಎಲ್ಲಾ ಸ್ಲೀವ್‌ನಲ್ಲಿ ಕೊರೆದ ಪೋರ್ಟ್‌ಗಳ ಕೆಲಸ. ಹಾಗಾಗಿ ಬ್ಲಾಕ್ ಬದಲಾಯಿಸಿದ್ರೆ ಇಂಜಿನ್ನಿನ ಸ್ವಭಾವವೇ ಜೊತೆಗೆ ಬರುತ್ತೆ. ಬ್ಲಾಕ್, ಪಿಸ್ಟನ್, ಹೆಡ್ ಮೂರೂ ಒಂದೇ ಗಾಡಿಯವು ಆಗಿರಬೇಕು, ಕಾರ್ಬ್ಯುರೇಟರ್ ಜೆಟ್ ಹೊಂದಿಸಬೇಕು. ಆಗ ರಸ್ತೆ ಬದಿಯ ಮೆಕ್ಯಾನಿಕ್‌ಗೂ ಇದು ಕೈಗೆಟುಕುವ ಕೆಲಸ.

ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಪುಣೆಯ ನಾನಾ ಪೇಠ್, ದೆಹಲಿಯ ಕರೋಲ್ ಬಾಗ್. ನಾವು ಕೆಲಸ ಹುಡ್ಕೊಂಡು ಹೋದ ಊರುಗಳಲ್ಲೆಲ್ಲಾ ಹಳೇ ಗಾಡಿಗಳ ಬಿಡಿಭಾಗಕ್ಕೆ ಇಂಥದ್ದೊಂದು ಬೀದಿ ಇದ್ದೇ ಇದೆ. ಅಲ್ಲಿ ಬ್ಲಾಕ್ ಆರಿಸೋದೇ ಒಂದು ವಿದ್ಯೆ. ಫಿನ್ ಮುರಿದಿದೆಯಾ, ಸ್ಲೀವ್ ಮೇಲೆ ಉಗುರಿಗೆ ಸಿಗೋ ಗೀರು ಇದೆಯಾ, ಎಷ್ಟನೇ ಬೋರ್ ಆಗಿದೆ? ಆಗಲೇ ಒಂದು ಮಿ.ಮೀ. ತಿಂದಿರೋ ಬ್ಲಾಕ್ ಎಷ್ಟು ಅಗ್ಗಕ್ಕೆ ಕೊಟ್ರೂ ದುಬಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಯಾರಾದ್ರೂ ಪೋರ್ಟ್‌ಗೆ ಫೈಲ್ ಹಾಕಿ ದೊಡ್ಡದು ಮಾಡಿದಾರಾ ಅಂತ ನೋಡಬೇಕು. ಯಾರೋ ತಮ್ಮ ಖುಷಿಗೆ ಉಜ್ಜಿದ್ದು ನಮ್ಮ ಗಾಡಿಯಲ್ಲಿ ಕಮ್ಮಿ ಆರ್‌ಪಿಎಂ ಎಳೆತವನ್ನೇ ತಿಂದುಹಾಕುತ್ತೆ. ಇನ್ನು ದಪ್ಪ ಪಿಸ್ಟನ್ ಭಾರ ಜಾಸ್ತಿ, ಹಳೇ ಕ್ರ್ಯಾಂಕ್ ಬೇರಿಂಗ್ ಅದನ್ನ ಹೊರಬೇಕು. ಬ್ರೇಕ್ ಮಾತ್ರ ಅದೇ ಹಳೇ ಡ್ರಮ್ಮು. ಇದನ್ನ ಹೇಳದೆ ಪವರ್ ಒಂದನ್ನೇ ಹೊಗಳೋದು ಸರಿಯಲ್ಲ.

ಹೊಗೆ ನಿಯಮ ಬಿಗಿಯಾಗ್ತಾ ಆರ್‌ಎಕ್ಸ್ 100 1996ರಲ್ಲಿ ನಿಂತಿತು, 135 2005ರಲ್ಲಿ. ಅಲ್ಲಿಗೆ ಲೆಕ್ಕ ತಿರುಗಿಬಿತ್ತು. ಈಗ ಚೆನ್ನಾಗಿಟ್ಟ ಆರ್‌ಎಕ್ಸ್ 100ಕ್ಕೆ ಲಕ್ಷ ದಾಟಿ ಕೇಳ್ತಾರೆ, ಅದೂ 'ಒರಿಜಿನಲ್' ಆಗಿದ್ರೆ. ಅವತ್ತು ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದ ಸವೆದ 98 ಸಿಸಿ ಬ್ಲಾಕ್‌ಗಳನ್ನ ಇವತ್ತು ಹುಡುಕಿ ಕೊಳ್ಳೋರಿದ್ದಾರೆ.

ಕಾನೂನಿನ ಮಾತು ನಮ್ಮಂಥ ವಲಸಿಗರಿಗೆ ನೇರವಾಗಿ ತಟ್ಟುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ 2000ದ ತಿದ್ದುಪಡಿಯಿಂದ ಬಿಗಿಯಾಯ್ತು. ತಯಾರಕರು ಹೇಳಿದ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮತ್ತೆ ಹೇಳ್ತು. ಇನ್ನೊಂದು ಕಡೆ, ಊರಿಂದ ತಂದ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದ್ರೆ ಹೊಸ ನೋಂದಣಿ ಬೇಕು. ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಲೇಬೇಕು. ಅವರು ನೋಡೋದು ಚಾಸಿ ನಂಬರ್, ಇಂಜಿನ್ ನಂಬರ್. ಇಂಜಿನ್ ನಂಬರ್ ಇರೋದು ಬ್ಲಾಕಿನ ಮೇಲಲ್ಲ, ಕೆಳಗಿನ ಕೇಸ್ ಮೇಲೆ. ಹಾಗಾಗಿ ಮೇಲೆ ಯಾವ ಬ್ಲಾಕ್ ಕೂತಿದ್ರೂ ಆರ್‌ಸಿಯ 98 ಸಿಸಿಗೂ ಆ ನಂಬರಿಗೂ ತಾಳೆ ಬೀಳುತ್ತೆ. ತಾಳೆ ಬಿದ್ದ ಮಾತ್ರಕ್ಕೆ ಅದು ಕಾನೂನುಬದ್ಧ ಆಗಲ್ಲ.

ಈಗ ಆ 'ಪೂರ್ತಿ ನಿಜ ಅಲ್ಲ' ಅಂದ ಮಾತು. 58 ಮಿ.ಮೀ. ಪಿಸ್ಟನ್ನಿನ ಸ್ಲೀವ್ ದಪ್ಪ, ಅದು ನೂರರ ಕೇಸ್ ಬಾಯಲ್ಲಿ ಹಾಗೇ ಇಳಿಯೋದಿಲ್ಲ. ಲೇತ್‌ನಲ್ಲಿ ಕೇಸಿನ ಬಾಯಿ ಅಗಲ ಮಾಡಿಸಬೇಕು. ಬ್ಲಾಕ್ ವಾಪಸ್ ಹಾಕಬಹುದು, ಅಗಲ ಮಾಡಿದ ಬಾಯಿ ಮತ್ತೆ ಚಿಕ್ಕದಾಗಲ್ಲ. ಗೊತ್ತಿರೋ ಖರೀದಿದಾರ ಬ್ಲಾಕ್ ಎತ್ತಿಸಿ ಮೊದಲು ನೋಡೋದೇ ಅದನ್ನ. ಇಂಜಿನ್ ನಂಬರ್ ಒತ್ತಿರೋದೂ ಅದೇ ಕೇಸಿನ ಮೇಲೆ.