ಹಳೆಯ ಪಿಂಗಾಣಿಯ ಮೂಲಶೋಧನೆ

ಕೋಲಾರ ಸೀಮೆಯ ಚರಿತ್ರೆಯನ್ನು ಬರೆಯುವವರು ಗಂಗರನ್ನೂ ಚೋಳರನ್ನೂ ಅವರ ಶಿಲಾಶಾಸನಗಳನ್ನೂ ಸ್ಮರಿಸುವುದು ಯುಕ್ತವೇ ಆದರೂ, ಮನೆಗಳ ಅಟ್ಟದಲ್ಲಿ ಧೂಳು ಹಿಡಿದು ಕುಳಿತಿರುವ ಪಿಂಗಾಣಿ ತಟ್ಟೆಯೂ ಆ ಚರಿತ್ರೆಗೆ ಸಾಕ್ಷಿ ನುಡಿಯಬಲ್ಲುದೆಂಬುದನ್ನು ಮರೆಯಬಾರದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿಯ ಚಿನ್ನದ ಗಣಿಗಳ ಕಾರ್ಯವನ್ನು ಕೈಗೊಂಡ ಮೇಲೆ, ಇಂಗ್ಲೆಂಡಿನಿಂದ ಬಂದ ಅಧಿಕಾರಿಗಳೂ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ತಮ್ಮ ಬಂಗಲೆಗಳೊಡನೆ ತಮ್ಮ ಭೋಜನಪದ್ಧತಿಯನ್ನೂ ಇಲ್ಲಿ ನೆಲೆಗೊಳಿಸಿದರು. ಸುತ್ತಣ ಹಳ್ಳಿಗಳಲ್ಲಾದರೋ ಊಟವು ಎಲೆಯಲ್ಲಿ, ಇಲ್ಲವೇ ಕಂಚಿನ ತಟ್ಟೆಯಲ್ಲಿ. ಮಡಿವಂತರ ಅಡುಗೆಮನೆಯಲ್ಲಿ ಉಪ್ಪಿನಕಾಯಿಯ ಜಾಡಿಗೆ ದೊರೆತ ಮನ್ನಣೆ ಪಿಂಗಾಣಿ ತಟ್ಟೆಗೆ ದೊರೆಯಲಿಲ್ಲ. ಆದುದರಿಂದ ಈ ಸೀಮೆಯ ಹುತ್ತೂರಿನಂತಹ ಗ್ರಾಮದಲ್ಲಿ ಹಳೆಯ ತಟ್ಟೆಯೊಂದು ಕಂಡುಬಂದರೆ, ಅದು ಎಲ್ಲಿ ಹುಟ್ಟಿತು, ಯಾವ ದಾರಿಯಿಂದ ಬಂದಿತು ಎಂಬೆರಡು ಪ್ರಶ್ನೆಗಳೂ ಸಹಜವಾಗಿಯೇ ಏಳುತ್ತವೆ.

ಮೊದಲನೆಯದಕ್ಕೆ ಉತ್ತರವನ್ನು ತಟ್ಟೆಯ ದ್ರವ್ಯದಲ್ಲಿಯೇ ಅರಸಬೇಕು. ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಆಚೆಯಿಂದ ತೋರಿದರೆ ಅದು ನಿಜವಾದ ಪಿಂಗಾಣಿ. ತೋರದಿದ್ದರೆ, ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಕುಲುಮೆಗಳಿಂದ ರಾಶಿರಾಶಿಯಾಗಿ ಹೊರಟ ಮೆರುಗಿನ ಮಣ್ಣಿನ ಪಾತ್ರೆಗಳಲ್ಲಿ ಒಂದಾಗಿರಬಹುದು. ನೀಲಿಯ ಚಿತ್ರವು ಕುಂಚದಿಂದ ಬರೆದುದಾದರೆ ಬಣ್ಣವು ಅಲ್ಲಲ್ಲಿ ದಟ್ಟವಾಗಿ ನಿಂತಿರುತ್ತದೆ. ಕೆತ್ತಿದ ತಾಮ್ರದ ಹಲಗೆಯಿಂದ ತೆಳುಗಾಗದಕ್ಕೆ ಇಳಿಸಿ ಪಾತ್ರೆಗೆ ಒತ್ತಿದುದಾದರೆ, ಅಂಚಿನ ಬಳ್ಳಿಯ ಎರಡು ತುದಿಗಳು ಕೂಡುವಲ್ಲಿ ಹೂವೊಂದು ಅರ್ಧಕ್ಕೆ ತುಂಡಾಗಿ, ಎಲೆಯ ಮೇಲೆ ಎಲೆ ಬಿದ್ದು, ಬೆಸುಗೆಯ ಗೆರೆಯು ಸೂಕ್ಷ್ಮದೃಷ್ಟಿಗೆ ಗೋಚರವಾಗುತ್ತದೆ.

ಬಳಿಕ ತಟ್ಟೆಯ ಬೆನ್ನನ್ನು ನೋಡತಕ್ಕದ್ದು. ವಜ್ರಾಕೃತಿಯ ಮುದ್ರೆಯಿದ್ದರೆ, ಅದರ ವಿನ್ಯಾಸವು ಇಂಗ್ಲೆಂಡಿನಲ್ಲಿ 1842ರಿಂದ 1883ರ ಒಳಗೆ ನೋಂದಾಯಿತವಾಯಿತೆಂದು ಅರ್ಥ. 1884ರಿಂದೀಚೆಗೆ ಆ ಮುದ್ರೆಯ ಸ್ಥಾನದಲ್ಲಿ ಕ್ರಮಸಂಖ್ಯೆಯು ಬಂದಿತು. ಆಮದು ಸರಕಿನ ಮೇಲೆ ದೇಶದ ಹೆಸರಿರತಕ್ಕದ್ದೆಂದು ಅಮೆರಿಕವು 1891ರಿಂದ ವಿಧಿಸಿದುದರಿಂದ, ಇಂಗ್ಲೆಂಡ್ ಎಂಬ ಹೆಸರುಳ್ಳ ತಟ್ಟೆಯು ಪ್ರಾಯಶಃ ಅದಕ್ಕೆ ಈಚಿನದು. ಜಪಾನಿನ ಸರಕಿನ ಮೇಲೆ 1921ರವರೆಗೆ ಸಾಮಾನ್ಯವಾಗಿದ್ದ ನಿಪ್ಪಾನ್ ಎಂಬ ಹೆಸರು ಆ ಬಳಿಕ ಜಪಾನ್ ಎಂದಾಯಿತು.

ಮುದ್ರೆಯೊಂದನ್ನೇ ನಂಬುವುದೂ ವಿವೇಕವಲ್ಲ. ಚೀನದ ಕುಶಲಕರ್ಮಿಗಳು ಪೂರ್ವಿಕ ಚಕ್ರವರ್ತಿಗಳ ಆಳ್ವಿಕೆಯ ಹೆಸರನ್ನು ಗೌರವದಿಂದ ತಮ್ಮ ಪಾತ್ರೆಗಳ ಮೇಲೆ ಬರೆಯುತ್ತಿದ್ದರು; ಆದುದರಿಂದ ಮುದ್ರೆಯ ಕಾಲವೇ ಪಾತ್ರೆಯ ಕಾಲವೆನ್ನಲಾಗದು. ಚೀನದ ಆ ಪಿಂಗಾಣಿ ಕನ್ನಡನಾಡಿಗೆ ಅಪರಿಚಿತವೂ ಅಲ್ಲ. ಅದರ ಚೂರುಗಳು ಹಂಪೆಯ ಉತ್ಖನನದಲ್ಲಿಯೇ ದೊರೆತಿವೆ. ದ್ರವ್ಯ, ಚಿತ್ರ, ಮುದ್ರೆ, ಬಳಕೆಯಿಂದಾದ ಸವೆತ ಇವು ನಾಲ್ಕೂ ಒಂದೇ ಮಾತನ್ನಾಡಿದಾಗಲೇ ನಿರ್ಣಯವು ದೃಢವೆನ್ನಬಹುದು.

ಎರಡನೆಯ ಪ್ರಶ್ನೆಗೆ ಮಾತ್ರ ತಟ್ಟೆಯು ತಾನಾಗಿ ಉತ್ತರಿಸಲಾರದು. ಬಂಗಲೆಗಳ ಆ ಕಾಲವೂ ಈಗ ಕಳೆದುಹೋಗಿದೆ: 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, 2001ರಲ್ಲಿ ಮುಚ್ಚಿಹೋದವು. ಬಂಗಲೆಯಲ್ಲಿ ದುಡಿದ ಅಜ್ಜನಿಗೆ ಆ ತಟ್ಟೆಯು ಕೊಡುಗೆಯಾಗಿ ಬಂದಿತೋ, ಬೆಂಗಳೂರಿನ ದಂಡಿನ ಅಂಗಡಿಯಲ್ಲಿ ಕೊಂಡುದೋ, ಮನೆಯ ಹಿರಿಯರೇ ಹೇಳಬೇಕು. ಆದಕಾರಣ ಅಂತಹ ತಟ್ಟೆಯುಳ್ಳವರು ಅದರ ಬೆನ್ನಿನ ಮುದ್ರೆಯನ್ನು ತಿಕ್ಕಿ ಅಳಿಸದೆ, ಹಿರಿಯರ ನೆನಪನ್ನು ಅವರ ಜೀವಿತಕಾಲದಲ್ಲಿಯೇ ಕೇಳಿ ಬರೆದಿಡುವುದು ಈ ಸೀಮೆಯ ಚರಿತ್ರೆಗೆ ಸಲ್ಲಿಸುವ ದೊಡ್ಡ ಸೇವೆಯಾದೀತು.